ಮೋಶ್‌ನ ನಾಲ್ಕನೆಯ ದಿನ

ಒಂದು, ಎರಡು, ಮೂರು, ಇಲ್ಲೊಂದು ತಿರುವು, ನಾಲ್ಕು, ಐದು — ಬೆರಳ ತುದಿಗೆ ತಸ್ಬೀಹಿನ ಮಣಿಗಳಂತೆ ಸಾಲಾಗಿ ಸಿಗುತ್ತಿವೆ, ಗಟ್ಟಿ, ಒಣ, ಒಂದೂ ಅಲುಗುವುದಿಲ್ಲ, ಮೋಶ್‌ನ ಹೊಟ್ಟೆ ನನ್ನ ಎರಡು ಅಂಗೈಗಳ ನಡುವೆ ಬೆಚ್ಚಗಿದೆ, ಜ್ವರವಲ್ಲ, ಒಲೆಯ ಪಕ್ಕ ಕೂತ ಬಿಸಿ, ಜ್ವರದ ಬಿಸಿ ಬೇರೆ, ಅದು ನನ್ನ ಕೈಗೆ ಗೊತ್ತು, ಈ ಕೈಗೆ ಗೊತ್ತಿಲ್ಲದ್ದು ಏನಿದೆ ಹೇಳಿ, ಮರ್ಗಿಲಾನ್ ಊರಿನ ಈ ಮೊಹಲ್ಲಾದಲ್ಲಿ ಅರ್ಧ ಜನ ಭೂಮಿಗೆ ಬಿದ್ದದ್ದೇ ಈ ಕೈಗೆ, ನಲವತ್ತೊಂದು ವರ್ಷ ಹೆರಿಗೆ ಮಾಡಿಸಿದವಳು ನಾನು, ಸೂಲಗಿತ್ತಿ ತೋತಿಖಾನ್ ಹೊಸ್ತಿಲು ತುಳಿದಳು ಅಂದರೆ ಅಡ್ಡ ಮಲಗಿದ ಕೂಸು ಭಯಕ್ಕೇ ನೆಟ್ಟಗಾಗುತ್ತದೆ ಅನ್ನುತ್ತಾರೆ, ಅನ್ನಲಿ, ಪೂರ್ತಿ ಸುಳ್ಳೇನಲ್ಲ, ಕೈಗುಣ ಅಂತ ಒಂದಿರುತ್ತದೆ, ಅಂಥ ನನ್ನ ಕೈಗೆ ಒಂದು ಬೆಕ್ಕಿನ ಹೊಟ್ಟೆ ಮಣಿಯುವುದಿಲ್ಲವೆಂದರೆ! ಸುಮ್ಮನಿರು ಮೋಶ್, ಕಿವಿ ಹಿಂದಕ್ಕೆ ಮಡಿಸಬೇಡ, ನಿನ್ನ ವಯಸ್ಸಿನಲ್ಲಿ ಕೋಪ ಒಳ್ಳೆಯದಲ್ಲ, ಹದಿನೇಳು ವರ್ಷವಾಯಿತಲ್ಲವೇ ನಿನಗೆ, ಹೌದು ಹದಿನೇಳು, ಕುಂಬಾರಗೇರಿಯ ಆ ಮನೆಯಲ್ಲಿ ಅವಳಿ ಹೆಣ್ಣು ಹುಟ್ಟಿದ ಬೆಳಿಗ್ಗೆ, ಕೊಡಲು ಬೇರೇನೂ ಇಲ್ಲ ಅಮ್ಮಾ ಅಂತ ಆ ಅಜ್ಜಿ ರೇಷ್ಮೆ ಚೂರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಇಟ್ಟಿದ್ದಳು ನಿನ್ನನ್ನು, ಹಳೆಯ ಹೆಸರುಕಾಳಿನ ಮಾಸಲು ಬೂದು ಬಣ್ಣದ ಒಂದು ಹಿಡಿ ಮರಿ, ಅದಕ್ಕೇ ಮೋಶ್ ಅಂತ ಕರೆದೆ, ಹೆಸರುಕಾಳು ಅಂತ, ಈ ಊರಿನ ಬೆಕ್ಕುಗಳಿಗೆಲ್ಲ ಅದೇ ಹೆಸರು, ನಾನೇನೂ ಹೊಸದಾಗಿ ತಲೆ ಕೆಡಿಸಿಕೊಳ್ಳಲಿಲ್ಲ, ಈಗ ನೋಡು, ನನ್ನ ಹಲ್ಲೂ ಹೋದವು ನಿನ್ನ ಹಲ್ಲೂ ಹೋದವು, ಇಬ್ಬರಿಗೂ ಮಂಡಿ ನೋವು, ಆದರೆ ನಾನು ದಿನಾ ಹೋಗುತ್ತೇನೆ ತಂದೆ, ಬೆಳಿಗ್ಗೆ ಎದ್ದು ಎರಡು ಬಟ್ಟಲು ಬಿಸಿನೀರು ಕುಡಿದರೆ ಗಡಿಯಾರ ಇಟ್ಟ ಹಾಗೆ, ನಿನಗೆ ಹೊಟ್ಟೆ ಕಟ್ಟಿ ಇವತ್ತು ನಾಲ್ಕನೆಯ ದಿನ.

ಮೊನ್ನೆ ಎಣ್ಣೆ ಹಾಕಿದೆನಲ್ಲ, ಅದು ತಪ್ಪು, ಒಪ್ಪಿಕೊಂಡೆ, ಒಪ್ಪಿಕೊಳ್ಳುವುದಕ್ಕೆ ನನಗೇನು ಭಯವೇ, ಬಾಣಂತಿಗೆ ಅಗಸೆ ಎಣ್ಣೆ ಒಂದು ಚಮಚ, ಕೂಸಿಗೆ ಎರಡು ತೊಟ್ಟು, ಕುರಿಗೆ ಅರ್ಧ ಬಟ್ಟಲು, ಇದು ನಮ್ಮಜ್ಜಿಯ ಕಾಲದ ಲೆಕ್ಕ, ಬೆಕ್ಕು ಏನು ಆಕಾಶದಿಂದ ಇಳಿದದ್ದೇ ಅಂದುಕೊಂಡು ಬಾಯಿ ಬಿಡಿಸಿ ಸುರಿದೆ, ಕೆಮ್ಮಿತು ನೋಡಿ, ಕಣ್ಣು ಹೊರಗೆ ಬರುವಂತೆ ಕೆಮ್ಮಿತು, ನಿನ್ನೆ ಬೆಳಿಗ್ಗೆ ಝಾಕಿರ್‌ಜಾನ್‌ಗೆ ಫೋನ್ ಮಾಡಿದೆ, ಪಶುವೈದ್ಯ, ಅವನೂ ನನ್ನ ಕೈಗೇ ಹುಟ್ಟಿದವನು, ಕಾಲು ಮುಂದಾಗಿ ಬಂದಿದ್ದ, ಈಗಲೂ ಹಾಗೇ, ಮೊದಲು ಒದೆಯುತ್ತಾನೆ ಆಮೇಲೆ ಮಾತಾಡುತ್ತಾನೆ, ಏನಮ್ಮಾ ತೋತಿಖಾನಮ್ಮ, ಎಣ್ಣೆ ಬಾಯಿಗೆ ಸುರಿದ್ರಾ, ಅದು ಶ್ವಾಸಕ್ಕೆ ಹೋಗಿದ್ರೆ ಹೊಟ್ಟೆ ಕಟ್ಟಿ ಸಾಯೋದಲ್ಲ ಉಸಿರು ಕಟ್ಟಿ ಸಾಯ್ತಿತ್ತು, ಇನ್ನೊಂದ್ ಸಲ ಹಾಗೆ ಮಾಡಿದ್ರೆ ನಿಮ್ಮ ಕೈ ಕಟ್ಟಿಹಾಕ್ತೀನಿ ಅಂದ, ನನಗೆ! ಈ ಕೈಯನ್ನು! ಬೇರೆ ಯಾರಾದರೂ ಆಗಿದ್ದರೆ ನಾನು ಅಲ್ಲೇ ಫೋನ್ ಇಟ್ಟುಬಿಡುತ್ತಿದ್ದೆ, ಆದರೆ ಹುಡುಗ ಹೇಳಿದ್ದು ಸರಿ, ನಾನು ನಾಲಿಗೆ ಕಚ್ಚಿಕೊಂಡು ಕೇಳಿದೆ, ಹೊಟ್ಟೆ ಒತ್ತಬೇಡಿ, ಬರೀ ಸವರಿ, ಮನುಷ್ಯರಿಗೆ ಹಾಕೋ ಎನಿಮಾ ಹಾಕಲೇಬೇಡಿ, ಅದು ಬೆಕ್ಕಿಗೆ ವಿಷ, ಮೊದಲು ಹೇಳಿ ಮೂತ್ರ ಹೋಗ್ತಾ ಇದೆಯಾ ಇಲ್ವಾ, ಅದೂ ನಿಂತಿದ್ರೆ ಈಗಲೇ ಎತ್ಕೊಂಡು ಓಡಿ ಬನ್ನಿ, ಹೋಗಿ ನೋಡಿ ಬನ್ನಿ, ನಾನು ಕಾಯ್ತೀನಿ. ನಾನು ಹೋಗಿ ನೋಡಿದೆ, ಮಗ್ಗದ ಕೊಟ್ಟಿಗೆಯ ಮೂಲೆಯ ನೆಲ ಒದ್ದೆಯಾಗಿತ್ತು, ಬಗ್ಗಿ ಮೂಸಿಯೂ ನೋಡಿದೆ, ಮೂತ್ರವೇ, ಸಂಶಯವಿಲ್ಲ, ಬೂದಿ ಹಾಕಿಟ್ಟ ಮರದ ದೊಣೆಯ ಹೊರಗೆ ಮಾಡಿದೆಯಲ್ಲೋ ಕೊಳಕ ಅಂತ ಬೈದು ಬಂದೆ, ಹೋಗಿದೆ ಅಂತ ಫೋನಿಗೆ ಹೇಳಿದೆ, ಹಾಗಿದ್ರೆ ಸಮಯ ಇದೆ ಅಂದ, ನೀರು ಕುಡಿಸಿ, ಒಣ ತಿಂಡಿ ನಿಲ್ಲಿಸಿ, ಉಪ್ಪು ಈರುಳ್ಳಿ ಇಲ್ಲದ ಕೋಳಿ ಸಾರು ಕೊಡಿ, ಬೇಯಿಸಿದ ಕುಂಬಳಕಾಯಿ ಒಂದು ಚಮಚ, ಜೊತೆಗೆ ಹೊಟ್ಟೆ ಸಡಿಲವಾಗೋಕೆ ನೀವು ಬಾಣಂತಿಯರಿಗೆ ಕೊಡ್ತೀರಲ್ಲಾ ಆ ಸಿಹಿ ಸಿರಪ್, ಅದೇ, ಎಷ್ಟು ಅಂತ ಬರ್ಕೊಳ್ಳಿ, ಸೂಜಿ ತೆಗೆದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಮೆಲ್ಲಗೆ, ನಾಳೆ ಸಂಜೆಯ ಒಳಗೆ ಆಗದಿದ್ರೆ, ಅಥವಾ ವಾಂತಿ ಶುರುವಾದ್ರೆ, ಕರ್ಕೊಂಡು ಬನ್ನಿ, ಪ್ರಜ್ಞೆ ತಪ್ಪಿಸೋ ಮದ್ದು ಕೊಟ್ಟು ತೆಗೀಬೇಕಾಗತ್ತೆ, ಆದರೆ ಅಮ್ಮಾ, ಹದಿನೇಳು ವರ್ಷದ ಬೆಕ್ಕು, ಆ ಮದ್ದು ಕೊಟ್ರೆ ಮತ್ತೆ ಏಳುತ್ತೆ ಅಂತ ನಾನು ಮಾತು ಕೊಡಲ್ಲ.

ಆ ನಾಳೆ ಇವತ್ತು. ಕಿಟಕಿಯಲ್ಲಿ ಬಿಸಿಲು ಇನ್ನೂ ಎಳೆಯದಿದೆ, ಸಂಜೆಗೆ ತುಂಬ ಹೊತ್ತಿದೆ, ನಾನು ಹೆದರುವವಳಲ್ಲ, ಮೂರು ದಿನ ನೋವು ತಿಂದವಳನ್ನೂ ನಗುನಗುತ್ತ ಹೆರಿಸಿ ಮನೆಗೆ ಕಳಿಸಿದ್ದೇನೆ, ಹೊರಗೆ ಬರಬೇಕಾದ್ದು ಬಂದೇ ಬರುತ್ತದೆ, ದಾರಿ ಮಾಡಿಕೊಡಬೇಕು ಅಷ್ಟೇ. ಸಿರಪ್ಪೊಂದನ್ನು ಮಾತ್ರ ನಾನು ನಿನ್ನೆ ಕೊಡಲಿಲ್ಲ, ಅಡಿಗೆಮನೆಯಲ್ಲಿ ಆಗುವ ಕೆಲಸಕ್ಕೆ ಔಷಧಿ ಅಂಗಡಿಯವನನ್ನು ಯಾಕೆ ಕರೆಯಬೇಕು ಅಂತ, ಕುಂಬಳಕಾಯಿ ಬೇಯಿಸಿದೆ, ಕೋಳಿ ಸಾರು ಮಾಡಿದೆ, ಉಪ್ಪಿಲ್ಲದ ಸಾರಿನ ವಾಸನೆಗೆ ಮಾಮಾಸೋಲಿ ಬಂದು ಇಣುಕಿದ, ನನ್ನ ಗಂಡ, ಎಪ್ಪತ್ತೆರಡು ವರ್ಷದ ನೇಕಾರ, ಬಟ್ಟಲು ಹಿಡಿದುಕೊಂಡೇ ಬಂದಿದ್ದ, ಇದು ಬೆಕ್ಕಿಗೆ ಅಂದೆ, ಅಲ್ವೇ, ಐವತ್ತು ವರ್ಷ ನಿನ್ನ ಜೊತೆ ಬಾಳಿದ ನನಗೆ ನಿನ್ನೆಯ ಬ್ರೆಡ್ಡು, ಇಲಿ ಹಿಡಿಯೋದನ್ನೂ ಮರೆತಿರೋ ಈ ಮುದಿಯನಿಗೆ ಕೋಳಿ ಸಾರಾ ಅಂದ, ನೀನೂ ನಾಲ್ಕು ದಿನ ಹೋಗಬೇಡ, ನಿನಗೂ ಮಾಡಿಕೊಡ್ತೀನಿ ಅಂದೆ, ನಕ್ಕ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕ, ಆದರೆ ಹೋಗುವಾಗ ಬಗ್ಗಿ ಮೋಶ್‌ನ ಗಲ್ಲ ತುರಿಸಿ ಹೋದ, ಕುಡಿಯೋ ಕುಡಿಯೋ ಅಂತ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಮೋಶ್ ಕುಡಿಯಿತು, ನಿನ್ನೆ ಎರಡು ಸಲ, ಇವತ್ತು ಒಂದು ಸಲ, ತಟ್ಟೆಯ ನೀರನ್ನು ಅದು ಯಾವತ್ತೂ ಮೂಸಿ ನೋಡಿದ್ದಲ್ಲ, ಹರಿಯುವ ನೀರೇ ಆಗಬೇಕು ದೊರೆಗೆ, ಬೇಸಿಗೆಯಲ್ಲಿ ಬೀದಿ ಕಾಲುವೆ, ಚಳಿಗಾಲದಲ್ಲಿ ಕಾಲುವೆ ನಿಲ್ಲಿಸಿದ ಮೇಲೆ ಒಳಕೋಣೆಯ ತಾಮ್ರದ ಹೂಜಿಯಿಂದ ತೊಟ್ಟಿಕ್ಕುವ ಹನಿ, ತೊಟ್ಟಿಕ್ಕುವ ಹೂಜಿಯ ಕೆಳಗೆ ನಾಲಿಗೆ ಚಾಚಿ ಕೂತಿರುತ್ತಿತ್ತು, ಈಗ ಇಪ್ಪತ್ತೊಂಬತ್ತು ದಿನದಿಂದ ಒಳಕೋಣೆಗೆ ಪ್ರವೇಶವಿಲ್ಲ.

ಪ್ರವೇಶವಿಲ್ಲ ಅಂದದ್ದು ನಾನೇ, ಮತ್ತಿನ್ಯಾರು ಅನ್ನುತ್ತಾರೆ ಈ ಮನೆಯಲ್ಲಿ. ಸೊಸೆ ಹೆತ್ತು ಮನೆಗೆ ಬಂದ ದಿನವೇ ಹೇಳಿದೆ, ಇನ್ನು ನಲವತ್ತು ದಿನ ಚಿಲ್ಲಾ, ಒಳಕೋಣೆ ಬಾಣಂತಿಯದು, ಹೊರಗಿನವರು ಬರಕೂಡದು, ಬೆಕ್ಕಿನ ಕೂದಲು ಬರಕೂಡದು, ದೀಪ ಆರಕೂಡದು, ಬಾಣಂತಿ ರಾತ್ರಿ ಒಬ್ಬಳೇ ಮಲಗಕೂಡದು, ಒಬ್ಬಳೇ ಹೊಸ್ತಿಲು ದಾಟಕೂಡದು, ದಾಟಬೇಕಾದರೆ ಜೊತೆಗೆ ನಾನು, ಕೆಟ್ಟ ಗಾಳಿ ಸೋಕದಿರಲಿ ಅಂತ ಒಂದು ಚೂರು ರೊಟ್ಟಿ ಜೇಬಿನಲ್ಲಿ, ಹೀಗೆ ನಮ್ಮತ್ತೆ ನನ್ನನ್ನು ಕಾದರು, ಹೀಗೇ ನಾನು ಊರಿನ ಸೊಸೆಯರನ್ನೆಲ್ಲ ಕಾದೆ, ಮುಅತ್ತರ್ ತಲೆ ಬಗ್ಗಿಸಿ ಹೂಂ ಅಂದಳು, ಮುಅತ್ತರ್ ನನ್ನ ಸೊಸೆ, ನನ್ನ ಮಗ ಹಿಕ್ಮತ್‌ನ ಹೆಂಡತಿ, ಈ ಮನೆಗೆ ಬಂದು ಒಂದು ವರ್ಷ ಎರಡು ತಿಂಗಳು, ಅವತ್ತು ಒಂದೇ ಒಂದು ಮಾತು ಆಡಿದಳು, ಒಯಿ, ಅಂದಳು, ಅಮ್ಮ ಅಂತ ಕರೆಯುತ್ತಾಳೆ ನನ್ನನ್ನು, ಒಯಿ, ಮೋಶ್ ಪಾಪ, ಅದರ ಬೂದಿ ಪೆಟ್ಟಿಗೆ ಈ ಕೋಣೆಯ ಮೂಲೆಯಲ್ಲೇ ಇತ್ತಲ್ಲ, ಎಲ್ಲಿಗೆ ಹೋಗುತ್ತೆ, ನಾನಂದೆ, ಬೆಕ್ಕಿನ ಚಿಂತೆ ನಿನಗ್ಯಾಕೆ, ನೀನು ಕೂಸಿನ ಚಿಂತೆ ಮಾಡು, ಬೆಕ್ಕಿಗೆ ನಾನಿಲ್ವಾ. ಅಂಗಳದಾಚೆಯ ಮಗ್ಗದ ಕೊಟ್ಟಿಗೆಯಲ್ಲಿ ಜಾಗ ಮಾಡಿದೆ, ಹಳೆಯ ಕಂಬಳಿ, ಅದರ ಹಳೆಯ ಮುರುಕು ಪೆಟ್ಟಿಗೆಯ ಬದಲು ಮಾಮಾಸೋಲಿಯ ತಂದೆಯ ಕಾಲದ ಬಣ್ಣದ ದೊಣೆ, ಹಿಪ್ಪುನೇರಳೆ ಮರದ್ದು, ನೂಲು ಅದ್ದುವಾಗ ಬಣ್ಣ ಚೆಲ್ಲಬಾರದು ಅಂತ ಆಳವಾಗಿ ಕೊರೆದದ್ದು, ಅದರ ತಳಕ್ಕೆ ಬೂದಿ, ಬೂದಿ ಹಾರಿ ಮಗ್ಗದ ರೇಷ್ಮೆ ಎಳೆಗೆ ಹತ್ತುವುದಿಲ್ಲ, ಎಂಥ ಉಪಾಯ ಅಂತ ನನಗೇ ಖುಷಿಯಾಗಿತ್ತು. ಏಳು, ಎಂಟು, ಇಲ್ಲಿ ನೋವಾಗುತ್ತದೆಯೇ, ಆಯಿತು ಆಯಿತು, ಮುಟ್ಟುವುದಿಲ್ಲ, ಬಾ, ಎತ್ತಿಕೊಳ್ಳುತ್ತೇನೆ, ಸಾರು ಕುಡಿದು ಹೊತ್ತಾಯಿತು, ಹೋಗಿ ಪ್ರಯತ್ನ ಮಾಡು, ಹಗುರವಾಗಿದ್ದೀಯಲ್ಲೋ, ಎಷ್ಟು ಹಗುರ, ಬೆನ್ನ ಮೂಳೆ ಒಂದೊಂದೂ ಕೈಗೆ ಸಿಗುತ್ತದೆ.

ಅಂಗಳದಲ್ಲಿ ಚಳಿ ಕಚ್ಚುತ್ತದೆ, ಮಾಮಾಸೋಲಿ ಎಂದಿನಂತೆ ಕೊಟ್ಟಿಗೆಯ ಮುಂದಿನ ಹಲಗೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಾನೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಜಾಗ, ಎದುರಿಗೆ ಒಳಕೋಣೆಯ ಬಾಗಿಲು, ಬಲಕ್ಕೆ ಬೀದಿ ಬಾಗಿಲು, ಹಿಂದೆ ಹಿಪ್ಪುನೇರಳೆ ಮರ, ಮರದಾಚೆ ಪಾಯಿಖಾನೆ, ಇಡೀ ಅಂಗಳಕ್ಕೆ ಕಾವಲುಗಾರ, ಏನಾಯ್ತು ದೊರೆಗಳಿಗೆ ಅಂದ, ಬಾಯ್ಮುಚ್ಚು ಅಂದೆ, ಮೋಶ್‌ನನ್ನು ದೊಣೆಯ ಪಕ್ಕ ಇಳಿಸಿ ಹಿಂದೆ ಸರಿದೆ, ಬೆಕ್ಕಿಗೂ ಮರ್ಯಾದೆ ಇರುತ್ತದೆ, ಯಾರಾದರೂ ನೋಡುತ್ತಿದ್ದರೆ ಹೋಗುವುದಿಲ್ಲ, ನಾನು ಕದದ ಸಂದಿಯಿಂದ ನೋಡಿದೆ. ಇಷ್ಟು ದಿನ ಇಳಿಸಿ ಬಂದುಬಿಡುತ್ತಿದ್ದೆ, ಇವತ್ತು ನಿಂತು ನೋಡಿದೆ. ಮೋಶ್ ದೊಣೆಯನ್ನು ಮೂಸಿತು. ಸುತ್ತಿತು. ನಿಂತಿತು. ಮುಂಗಾಲು ಎತ್ತಿ ಅಂಚಿನ ಮೇಲೆ ಇಟ್ಟಿತು, ಅಂಚು ಅದರ ಎದೆಗಿಂತ ಎತ್ತರ, ಹಿಂಗಾಲು ಒತ್ತಿ ಮೇಲೇಳಬೇಕು, ಏಳಲು ನೋಡಿತು, ಸೊಂಟ ನಡುಗಿತು, ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು. ಸ್ವಲ್ಪ ಹೊತ್ತು ಸುಮ್ಮನೆ ಕೂತಿತು. ಮತ್ತೆ ಎತ್ತಿತು, ಅಂಚನ್ನು ಮುಟ್ಟಲೂ ಇಲ್ಲ ಈ ಸಲ, ಗಾಳಿಯಲ್ಲೇ ಹಿಡಿದು ವಾಪಸ್ಸು ಇಳಿಸಿತು. ಕೂಗಲಿಲ್ಲ, ಗೊಣಗಲಿಲ್ಲ, ಕಂಬಳಿಗೆ ಹೋಗಿ ಮಲಗಿತು. ಥೂ ನನ್ನ ಬುದ್ಧಿಗೆ! ಹೊಟ್ಟೆ ಹೊಟ್ಟೆ ಅಂತ ನಾಲ್ಕು ದಿನದಿಂದ ಹೊಟ್ಟೆ ಎಣಿಸುತ್ತಿದ್ದೇನೆ, ಕಾಯಿಲೆ ಇರುವುದು ಮಂಡಿಯಲ್ಲಿ, ದೊಣೆಯ ಅಂಚಿನಲ್ಲಿ, ಮೂತ್ರ ಹೊರಗೆ ಮಾಡಿದೆ ಅಂತ ಬೈದೆನಲ್ಲ, ಹತ್ತಲಾಗದೆ ಮಾಡಿತ್ತು, ಇನ್ನೊಂದನ್ನು ಹೊರಗೆ ಮಾಡಲು ಮನಸ್ಸು ಬರಲಿಲ್ಲ, ಹದಿನೇಳು ವರ್ಷ ಒಂದು ದಿನವೂ ಕಂಡಲ್ಲಿ ಮಾಡಿದ ಪ್ರಾಣಿಯಲ್ಲ, ಹಿಡಿದಿಟ್ಟುಕೊಂಡಿದೆ, ಇಪ್ಪತ್ತೊಂಬತ್ತು ದಿನದಿಂದ ಕಷ್ಟಪಟ್ಟು ಯಾವತ್ತೋ ಹತ್ತಿ ಯಾವತ್ತೋ ಬಿಟ್ಟು ಈಗ ಪೂರ್ತಿ ಬಿಟ್ಟಿದೆ, ಆ ಎತ್ತಿದ ಕಾಲು, ಆ ಹಿಂದಕ್ಕೆ ಎಳೆದುಕೊಂಡ ಕಾಲು.

ಗರಗಸ ತಗೋ ಅಂದೆ ಮುದುಕನಿಗೆ. ಯಾವುದಕ್ಕೆ ಅಂದ. ದೊಣೆಯ ಒಂದು ಪಕ್ಕ ಕತ್ತರಿಸು, ಎರಡು ಬೆರಳಷ್ಟು ಅಂಚು ಬಿಡು ಸಾಕು. ಅವನ ಮುಖ ನೋಡಬೇಕಿತ್ತು, ನಮ್ಮಪ್ಪನ ದೊಣೆ ಕಣೇ, ಅರವತ್ತು ವರ್ಷ ಇದರಲ್ಲಿ ದಾಳಿಂಬೆ ಸಿಪ್ಪೆಯ ಬಣ್ಣ ಅದ್ದಿದಾರೆ, ನಿನ್ನ ಬೆಕ್ಕಿನ ಅಂಡಿಗೋಸ್ಕರ ಕತ್ತರಿಸಲಾ ಅಂದ, ನಿಮ್ಮಪ್ಪ ಬದುಕಿದ್ದಿದ್ರೆ ನಾನು ಹೇಳೋಕೆ ಮುಂಚೆ ಕತ್ತರಿಸ್ತಿದ್ರು, ಅವರಿಗೆ ಮಂಡಿ ನೋವು ಗೊತ್ತಿತ್ತು ಅಂದೆ, ಅಷ್ಟು ಸಾಕಾಯಿತು, ಗೊಣಗುತ್ತ ಎದ್ದ, ಕೊಟ್ಟಿಗೆಯಿಂದ ಗರಗಸದ ಸದ್ದು ಶುರುವಾಯಿತು, ಗಟ್ಟಿ ಮರ, ಕಿರ್ರೋ ಕಿರ್ರೋ ಅಂತ ಇಡೀ ಅಂಗಳ ತುಂಬಿತು. ಆಗ ಸಿರಪ್ಪಿನ ನೆನಪಾಯಿತು, ಇನ್ನು ಬಿಂಕ ಸಾಕು, ಝಾಕಿರ್‌ಜಾನ್ ಹೇಳಿದ್ದನ್ನೆಲ್ಲ ಮಾಡೋಣ, ನನ್ನ ಚೀಲ ಒಳಕೋಣೆಯ ಗೂಡಿನಲ್ಲಿದೆ, ಅದರಲ್ಲಿ ಹೊಸ ಬಾಟಲಿ, ಮುಅತ್ತರ್ ಹೆರುವುದಕ್ಕೆ ಮುಂಚೆ ತಂದಿಟ್ಟದ್ದು, ಮುಚ್ಚಳ ಕೂಡ ತೆಗೆದಿಲ್ಲ. ಕೈ ತೊಳೆದೆ, ಕೂದಲು ಅಂಟಿದ ಮೇಲಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ, ಒಳಗೆ ಹೋದೆ, ಬೆಚ್ಚನೆಯ ಕೋಣೆ, ಹಾಲಿನ ವಾಸನೆ, ಕೂಸು ತೊಟ್ಟಿಲಲ್ಲಿ ಬಿಗಿದು ಕಟ್ಟಿಸಿಕೊಂಡು ಮಲಗಿದೆ, ನನ್ನ ಮೊಮ್ಮಗಳು ಓಯ್ದಿನ್, ತೊಟ್ಟಿಲ ಕೆಳಗೆ ಕೂಸಿನ ಮಲಮೂತ್ರ ಇಳಿಯಲು ಮರದ ಕೊಳವೆ, ಕೊಳವೆಯ ಕೆಳಗೆ ಪುಟ್ಟ ಮಡಕೆ, ಒಂದು ತೊಟ್ಟು ಹೊರಗೆ ಬೀಳುವುದಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ನಾನು ಆ ಮಡಕೆ ನೋಡುತ್ತೇನೆ, ಬಣ್ಣ ಸರಿಯಿದೆಯೇ, ಹದ ಸರಿಯಿದೆಯೇ, ಎಷ್ಟು ಸಲ, ಎಲ್ಲ ಗೊತ್ತು ನನಗೆ. ಮುಅತ್ತರ್ ಹಾಸಿಗೆಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು, ಈಗೀಗ ಯಾವಾಗಲೂ ಒಂದು ಪಕ್ಕಕ್ಕೇ ಕೂರುತ್ತಾಳೆ, ಹಾಲೂಡಿಸಿ ಹಾಗಾಗಿದೆ ಅಂದುಕೊಂಡಿದ್ದೆ, ಗೂಡಿಗೆ ಕೈ ಹಾಕಿದೆ, ಬಾಟಲಿ ಹಗುರವಾಗಿತ್ತು.

ಬೆಳಕಿಗೆ ಹಿಡಿದೆ, ತಳದಲ್ಲಿ ಒಂದು ಚಮಚ, ಹೆಚ್ಚೆಂದರೆ ಒಂದೂವರೆ. ಇದೇನು ಚೆಲ್ಲಿತಾ ಅಂದೆ. ಅವಳ ಕಿವಿ ಕೆಂಪಾಯಿತು, ಮೊದಲು ಕಿವಿಯ ತುದಿ, ಆಮೇಲೆ ಕತ್ತು, ಗರಗಸ ಹೊರಗೆ ಕಿರ್ರೆನ್ನುತ್ತಲೇ ಇತ್ತು. ನೀನು ಕುಡಿದೆಯಾ. ಹೂಂ ಒಯಿ. ಎಷ್ಟು ದಿನದಿಂದ. ಮೊದಲನೇ ವಾರದಿಂದ. ಆಗುತ್ತಾ ಈಗ. ಇಲ್ಲ. ಇಲ್ಲ ಅಂದರೆ ಎಷ್ಟು ದಿನ. ಅವಳು ಕೈಬೆರಳು ಮಡಿಸಿದಳು, ಮಡಿಸಿದ ಬೆರಳು ಐದು, ಐದು ದಿನ, ಬೆಕ್ಕಿಗಿಂತ ಒಂದು ದಿನ ಜಾಸ್ತಿ, ರಕ್ತನೂ ಬರುತ್ತೆ ಒಯಿ ಅಂದಳು, ಗರಗಸದ ಸದ್ದಿನ ಕೆಳಗೆ ಎಷ್ಟು ಬೇಗ ಬೇಗ ಮಾತಾಡಿದಳು, ಅದಕ್ಕೇ ಟೀ ಕಡಿಮೆ ಮಾಡಿದೀನಿ, ಸಾರೂ ಕಡಿಮೆ ಮಾಡಿದೀನಿ, ಕುಡಿದ್ರೆ ಹೋಗಬೇಕಾಗತ್ತಲ್ಲ, ರಾತ್ರಿ ನಿಮ್ಮನ್ನ ಎಬ್ಬಿಸಿ ಒಂದ್ಸಲ ಹೋಗಿ ಬರ್ತೀನಿ, ಆವಾಗ ಚಳಿಗೆ ಏನೂ ಆಗಲ್ಲ, ನೀವೂ ನಿಂತ್ಕೊಂಡು ನಡುಗ್ತಾ ಇರ್ತೀರಿ, ಬೇಗ ಬಂದ್ಬಿಡ್ತೀನಿ, ಬೆಳಿಗ್ಗೆ ಬರೋ ಹಾಗಿರತ್ತೆ, ಬೆಳಿಗ್ಗೆ ಮಾವ ಎದುರಿಗೇ ಕೂತಿರ್ತಾರೆ, ಒಬ್ಬಳೇ ಹೋಗಕೂಡದು ಅಂದ್ರಿ, ನಿಮ್ಮನ್ನ ಕರೀಬೇಕು ಅಂದ್ರೆ ಅಂಗಳಕ್ಕೆ ಕೇಳೋ ಹಾಗೆ ಕೂಗಬೇಕು, ಮಾವನ ಮುಂದೆ ಏನಂತ ಕೂಗಲಿ ಒಯಿ. ಹುಚ್ಚಿ, ನನಗೆ ಯಾಕೆ ಹೇಳಲಿಲ್ಲ ಅಂದೆ, ದನಿ ಏರಿತು, ಏರಿಸಬೇಕು ಅಂತ ಏರಿಸಿದ್ದಲ್ಲ. ನೀವು ಕೇಳಲಿಲ್ಲ, ಅಂದಳು, ದೂರಿದ ಹಾಗೆ ಅಲ್ಲ, ಇದ್ದದ್ದನ್ನು ಇದ್ದ ಹಾಗೆ, ಆಮೇಲೆ, ಅದರಲ್ಲಿ ಉಳಿದಿರೋದನ್ನ ಮೋಶ್‌ಗೆ ಕೊಡಿ, ನನಗೆ ಹೇಗೋ ಆಗತ್ತೆ, ಪಾಪ ಅದಕ್ಕೆ ಬಾಯಿಲ್ಲ — ಹೊರಗೆ ಗರಗಸ ನಿಂತಿತು, ಅವಳ ಬಾಯಿ ಪಟ್ಟನೆ ಮುಚ್ಚಿತು, ಮಾತು ಅರ್ಧಕ್ಕೇ ನಿಂತಿತು.

ಕೇಳಲಿಲ್ಲ. ಮೊದಲು ಕೇಳುವುದೇ ಅದನ್ನಲ್ಲವೇ ನಾನು, ನಲವತ್ತೊಂದು ವರ್ಷ, ಯಾವ ಬಾಣಂತಿಯ ಮನೆಗೆ ಹೋದರೂ, ಹಾಲು ಬಂತಾ ಅಂತ ಕೇಳುವುದಕ್ಕೂ ಮುಂಚೆ, ಹೋದೆಯಾ ಮಗಳೇ ಅಂತ ಕೇಳುತ್ತೇನೆ, ಅತ್ತೆಯರನ್ನು ಹೊರಗೆ ಕಳಿಸಿ ಕೇಳುತ್ತೇನೆ, ಅತ್ತೆಯ ಮುಂದೆ ಯಾವ ಸೊಸೆಯೂ ಬಾಯಿ ಬಿಡುವುದಿಲ್ಲ ಅಂತ ನನಗೆ ಗೊತ್ತು, ಈ ಮನೆಯಲ್ಲಿ ಹೊರಗೆ ಕಳಿಸಬೇಕಾಗಿದ್ದ ಅತ್ತೆ ನಾನೇ ಆಗಿದ್ದೆ, ಬೆಕ್ಕಿಗೆ ಡಾಕ್ಟರಿಗೆ ಫೋನ್ ಮಾಡಿದೆ, ಕೂಸಿನ ಮಡಕೆ ದಿನಾ ಮೂಸಿ ನೋಡಿದೆ, ನಡುವೆ ಒಬ್ಬಳು ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. ಇಲ್ಲ, ಸರಿಮಾಡುತ್ತೇನೆ, ಇದೇನು ಮಹಾ, ಇದಕ್ಕಿಂತ ದೊಡ್ಡದನ್ನು ಸರಿಮಾಡಿದವಳು, ಬಿಸಿನೀರು, ಕುಂಬಳಕಾಯಿ, ಬೆಚ್ಚನೆಯ ನೀರಿನಲ್ಲಿ ಕೂರಿಸುವುದು, ಮೂರು ದಿನದಲ್ಲಿ ಎಲ್ಲ ದಾರಿಗೆ ಬರುತ್ತದೆ, ಬರಲೇಬೇಕು, ಬರದಿದ್ದರೆ ಡಾಕ್ಟರಮ್ಮನನ್ನು ಮನೆಗೇ ಕರೆಸುತ್ತೇನೆ. ಅಷ್ಟರಲ್ಲಿ ಹೊರಗಿನಿಂದ ಮುದುಕನ ದನಿ, ಏ ತೋತೀ, ಬಾರೇ ಬೇಗ, ಹತ್ತಿತು ಕಣೇ, ಕೂತಿದೆ ಕಣೇ! ನಾನು ಬಾಟಲಿ ಹಿಡಿದುಕೊಂಡೇ ಓಡಿದೆ, ಮೋಶ್ ಕತ್ತರಿಸಿದ ಅಂಚನ್ನು ಸುಮ್ಮನೆ ದಾಟಿ ಬೂದಿಯೊಳಗೆ ನಿಂತಿತ್ತು, ದಾಟಿದ್ದೇ ಗೊತ್ತಾಗದ ಹಾಗೆ, ಒಂದು ಸಲ ಸುತ್ತಿ, ಒಂದು ಕಾಲಲ್ಲಿ ಕೆರೆದು, ಬೆನ್ನು ಬಾಗಿಸಿ ಕೂತಿತು, ಬಾಲ ನಡುಗಿತು, ಕಣ್ಣು ಅರ್ಧ ಮುಚ್ಚಿತು, ನಾವಿಬ್ಬರೂ ಕದದ ಹಿಂದೆ ಉಸಿರು ಬಿಗಿಹಿಡಿದು ನಿಂತೆವು, ತಿಣುಕು ಮೋಶ್, ಹಾಗೇ, ಇನ್ನೊಂದು ಸಲ, ನಿಧಾನಕ್ಕೆ ಉಸಿರು ಬಿಡು, ನಾನು ಎಲ್ಲ ಹೆಂಗಸರಿಗೂ ಹೇಳುವುದನ್ನೇ ಹೇಳುತ್ತಿದ್ದೆ, ಮೊದಲನೆಯದು ಬಿತ್ತು, ಕಲ್ಲಿನ ಹಾಗೆ ಬೂದಿಯಲ್ಲಿ ಹೂತಿತು, ಎರಡು, ಮೂರು, ಆಮೇಲೆ ಸಲೀಸಾಗಿ ಉಳಿದದ್ದೆಲ್ಲ, ಕೊನೆಯಲ್ಲಿ ಮೆತ್ತಗೆ, ಅದು ಸಾರಿನ ಕೆಲಸ, ಕುಂಬಳಕಾಯಿಯ ಕೆಲಸ, ಗರಗಸದ ಕೆಲಸ, ಸಿರಪ್ಪು ಬೇಕಾಗಲೇ ಇಲ್ಲ. ಮೋಶ್ ಎದ್ದು ಬೂದಿ ಮುಚ್ಚಿ ಹೊರಗೆ ಬಂತು, ಮುದುಕ ಟೊಪ್ಪಿ ತೆಗೆದು ಹಲಗೆಯ ಮೇಲೆ ಎಸೆದು ಅಂಗಳದ ಮಧ್ಯದಲ್ಲಿ ನಿಂತು ಎರಡು ಬೀದಿಗೆ ಕೇಳುವಂತೆ ಕೂಗಿದ, ಹೋಯ್ತು! ನಮ್ಮ ಮೋಶ್‌ಗೆ ಹೋಯ್ತು! ಗೋಡೆಯಾಚೆಯಿಂದ ಪಕ್ಕದ ಮನೆಯವಳು, ಅಲ್ಲಾಹನ ದಯೆ, ಎಷ್ಟು ಹೋಯ್ತು ಅಂತ ಕೇಳಿದಳು, ಬೊಗಸೆ ತುಂಬ ಅಂದ ಮುದುಕ, ಇಬ್ಬರೂ ನಕ್ಕರು, ನನಗೂ ನಗು ಬಂತು, ಅತ್ತ ಒಳಕೋಣೆಯ ಬಾಗಿಲ ಪರದೆ ಅಲುಗಾಡದೆ ಇಳಿಬಿದ್ದಿತ್ತು, ನನ್ನ ನಗು ಅಲ್ಲಿಗೇ ನಿಂತಿತು.

ಔಷಧಿ ಅಂಗಡಿಗೆ ಹೋಗು ಅಂದೆ. ಈಗ ಯಾಕೆ, ಆಯ್ತಲ್ಲ ಅಂದ. ಈ ಸಿರಪ್ಪು ಎರಡು ಬಾಟಲಿ ತಗೊಂಡು ಬಾ. ಒಂದು ಬೆಕ್ಕಿಗೆ ಎರಡು ಬಾಟಲೀನಾ, ಕುದುರೆ ಏನೇ ಅದು. ನಿನಗೆ ಬೇಡದ ಮಾತು, ಹೋಗು, ಹೋಗಿ ಚಹಾದಂಗಡಿಯಲ್ಲಿ ಕೂತ್ಕೋ, ಮಧ್ಯಾಹ್ನದ ಬಾಂಗ್ ಆಗೋವರೆಗೂ ಬರಬೇಡ, ನಾಳೆಯಿಂದ ಬೆಳಗಿನ ಬಿಸಿಲು ಅಲ್ಲೇ ಕಾಯಿಸ್ಕೋ, ಈ ಹಲಗೆ ಇನ್ನು ಮರದ ಆ ಕಡೆಗೆ, ಬೀದಿಗೆ ಮುಖ ಮಾಡಿ. ಅವನು ನನ್ನ ಮುಖ ನೋಡಿದ, ಆ ಮುಖ ಓದುವುದನ್ನು ಐವತ್ತು ವರ್ಷಕ್ಕೆ ಕಲಿತಿದ್ದಾನೆ, ಬೀದಿ ಬಾಗಿಲು ಎಳೆದುಕೊಂಡು ಹೋದ. ನಾನು ಪಾಯಿಖಾನೆಗೆ ಬಿಸಿನೀರು ಇಟ್ಟೆ, ಕೆಂಡದ ಬಾಂಡಲಿ ಇಟ್ಟೆ, ಚಳಿ ಮುರಿಯಲಿ, ಚೂರು ರೊಟ್ಟಿ ಜೇಬಿಗೆ ಹಾಕಿಕೊಂಡೆ, ಪರದೆ ಸರಿಸಿದೆ, ಬಾ ಅಂದೆ, ಮಾವ ಇಲ್ಲ, ಯಾರೂ ಇಲ್ಲ, ಬಾಗಿಲು ತೆಗೆದೇ ಇರುತ್ತದೆ, ಕೂಸಿನ ಮೇಲೆ ನನ್ನ ಕಣ್ಣಿರುತ್ತದೆ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ನಾನು ಮರದ ಹತ್ತಿರ ಬೆನ್ನು ತಿರುಗಿಸಿ ನಿಲ್ಲುತ್ತೇನೆ, ನಡುಗುವುದಿಲ್ಲ, ದಪ್ಪ ಅಂಗಿ ಹಾಕಿದ್ದೇನೆ ನೋಡು. ಮುಅತ್ತರ್ ಗೋಡೆ ಹಿಡಿದು ಎದ್ದಳು, ಹೊಸ್ತಿಲಿಗೆ ಬಂದಳು, ಹೊಸ್ತಿಲಾಚೆ ಅವಳ ರಬ್ಬರಿನ ಮೆಟ್ಟು, ಬಲಗಾಲು ಎತ್ತಿದಳು, ಬೀದಿ ಬಾಗಿಲು ಕಿರ್ರೆಂದಿತು, ಟೊಪ್ಪಿ ಮರೆತೆ ಕಣೇ, ಬೋಳು ತಲೆಗೆ ಚಳಿ ಅಂತ ಮುದುಕ, ಅವಳ ಕಾಲು ಮೆಟ್ಟಿನ ಮೇಲೆ ಗಾಳಿಯಲ್ಲಿ ನಿಂತಿತು, ಹಾಗೇ ಹಿಂದಕ್ಕೆ ಹೋಯಿತು, ಸದ್ದಿಲ್ಲದೆ, ರೂಢಿಯಾದ ಹಾಗೆ, ತೊಲಗಯ್ಯಾ ಅಂತ ನಾನು ಕೂಗಿದೆ, ಟೊಪ್ಪಿ ಎತ್ತಿ ಅವನ ಎದೆಗೆ ಎಸೆದೆ, ಹೋದ, ಬಾಗಿಲಿಗೆ ಅಗುಳಿ ಹಾಕಿದೆ, ಆದರೆ ಆ ಕಾಲನ್ನು ನಾನು ನೋಡಿದ್ದೇನೆ, ಇವತ್ತಲ್ಲ, ಈ ಇಪ್ಪತ್ತೊಂಬತ್ತು ದಿನದಲ್ಲಿ ಎಷ್ಟೋ ಬೆಳಿಗ್ಗೆ, ಅಡಿಗೆಮನೆಯ ಕಿಟಕಿಯಿಂದ, ಹಿಟ್ಟು ನಾದುತ್ತ, ಪರದೆಯ ಕೆಳಗೆ ಒಂದು ಕಾಲು ಹೊರಬಂದು ಮೆಟ್ಟನ್ನು ಮುಟ್ಟುತ್ತಿತ್ತು, ಮಾವ ಕೆಮ್ಮಿದರೆ ಒಳಗೆ ಹೋಗುತ್ತಿತ್ತು, ಎಂಥ ಮರ್ಯಾದಸ್ಥೆ ನನ್ನ ಸೊಸೆ, ಮಾವನ ಕೆಮ್ಮು ಕೇಳಿದರೆ ಕಾಲು ಹೊರಗಿಡುವುದಿಲ್ಲ ಅಂತ ಪಕ್ಕದ ಮನೆಯವಳಿಗೆ ಹೇಳಿದ್ದೆ, ನೀರು ತರುವ ಕಡೆ ಹೇಳಿದ್ದೆ, ಫೋನಿನಲ್ಲಿ ಅವಳ ತಾಯಿಗೂ ಹೇಳಿದ್ದೆ, ಎಷ್ಟು ಹೆಮ್ಮೆಯಿಂದ ಹೇಳಿದ್ದೆ, ಆ ತಾಯಿ ಅತ್ತಿದ್ದಳು ಖುಷಿಗೆ — ಮಾವ ಹೋದ, ಮಗಳೇ, ಅಗುಳಿ ಹಾಕಿದ್ದೇನೆ, ಬಾ, ಕಾಲಿಡು, ಬಾ — ಹೊಸ್ತಿಲ ಮೇಲೆ ಎತ್ತಿದ ಕಾಲು, ಬೆರಳು ಮುದುಡಿಕೊಂಡು, ಇಡಲೋ ಬೇಡವೋ ಅಂತ ನನ್ನನ್ನೇ ಕೇಳುತ್ತ, ಎತ್ತಿದ ಕಾಲು.